ಅಲ್ಲು ಅಂದರೆ ಹಲ್ಲು

ಕಳೆದ ವಾರ ಪಾಂಡವಪುರದ ಹತ್ತಿರ ಒಬ್ಬರ ಗದ್ದೆಯಲ್ಲಿ ಮೋಟರು ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದೆ. ಪಂಪು ತಾನೇ ಆನ್ ಆಗಿ ತಾನೇ ಆಫ್ ಆಗಲೆಂದು ನಾನೇ ಹಾಕಿಕೊಟ್ಟ ಪೆಟ್ಟಿಗೆ ಅದು. ಒಳಗೆ ಇರುವೆ ಗೂಡು ಕಟ್ಟಿತ್ತು. ಅದನ್ನು ಕೆರೆದು ತೆಗೆಯುತ್ತಿರುವಾಗ ನಾಲೆಗೆ ನೀರು ಬಂತು. ತಿಂಗಳುಗಟ್ಟಲೆ ಒಣಗಿ ಬಿರಿದ ಮಣ್ಣಿಗೆ ಮೊದಲ ನೀರು ತಾಗಿದಾಗ ಒಂದು ವಾಸನೆ ಏಳುತ್ತದೆ. ಕವಿಗಳು ಹೊಗಳುವ ಮಳೆಮಣ್ಣಿನ ವಾಸನೆ ಅಲ್ಲ. ಕೊಳೆತ ಎಲೆ, ಪಾಚಿ, ಸತ್ತ ಏಡಿ ಎಲ್ಲ ಸೇರಿದ ಒರಟು ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಇಂಜಿನಿಯರಿಂಗಿನ ಕೊನೆಯ ವರ್ಷ ನೆನಪಾಗುತ್ತದೆ, ಜೊತೆಗೆ ಕೋಪವೂ ಬರುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುವುದು ಸುಳ್ಳಲ್ಲ.

ನಮ್ಮದು ಬಿಂಡಿಗನವಿಲೆಯ ಆಚಾರ್ರ ಮನೆ. ತಾತ ಕುಲುಮೆ ಊದಿ ಕುಡುಗೋಲು, ನೇಗಿಲ ಗುಳ ಮಾಡುತ್ತಿದ್ದರು. ಅಪ್ಪ ನಾಗಮಂಗಲದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟರು. ಕಿಟಕಿ ಗ್ರಿಲ್ಲು, ಟ್ರೇಲರಿನ ಬಾಗಿಲು, ಹಾಲಿನ ಕ್ಯಾನು ಇಡುವ ಸ್ಟ್ಯಾಂಡು, ಯಾರು ಏನು ಕೇಳಿದರೂ ಮಾಡಿಕೊಡುತ್ತಾರೆ. ಅಂಗಡಿಯ ಒಳಗೋಡೆಗೆ ಸಾಲಾಗಿ ಮೊಳೆ ಹೊಡೆದು ತಗಡಿನ ಪಟ್ಟಿಗಳನ್ನು ನೇತುಹಾಕಿದ್ದಾರೆ. ಒಂದೊಂದು ಪಟ್ಟಿಯೂ ಒಂದೊಂದು ಸಾಮಾನಿನ ಅಳತೆ. ಗುಳದ ಬಾಗು ಇಷ್ಟು, ಕುಡುಗೋಲಿನ ಹೊಟ್ಟೆ ಇಷ್ಟು ಎಂದು ತಾತನ ಕಾಲದಿಂದ ಕತ್ತರಿಸಿ ಕಾಪಾಡಿಕೊಂಡು ಬಂದದ್ದು. ಮಾಡಿದ ಸಾಮಾನು ಗಿರಾಕಿಯ ಮನೆಗೆ ಹೋಗುತ್ತದೆ, ಅಳತೆ ಮಾತ್ರ ಹೊಸ್ತಿಲು ದಾಟುವುದಿಲ್ಲ. ತಾತನ ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ದನ, ಪಾತ್ರೆ ಎಲ್ಲ ಸುಮ್ಮನೆ ಹಂಚಿಕೊಂಡು, ಅಳತೆಪಟ್ಟಿಗೆ ಮಾತ್ರ ಕೈ ಕೈ ಮಿಲಾಯಿಸಿದ ಮನೆ ನಮ್ಮದು.

ನಾನು ಓದಿದ ಕಾಲೇಜು ಇದ್ದದ್ದು ಶ್ರೀರಂಗಪಟ್ಟಣದ ಕಡೆ. ಮೂರು ವರ್ಷ ದಿನಾ ಎರಡೆರಡು ಬಸ್ಸು ಬದಲಿಸಿ ಸಾಕಾಗಿ, ಕೊನೆಯ ವರ್ಷ ಪಾಂಡವಪುರದಲ್ಲಿ ಸೋದರತ್ತೆಯ ಮನೆ ಸೇರಿದ್ದೆ. ನನಗೆ ರೊಬಾಟಿನ ಹುಚ್ಚು. ಸಿನಿಮಾದಲ್ಲಿ ಕೈ ಬೀಸುತ್ತ ಬರುತ್ತದಲ್ಲ, ಆ ಥರದ್ದಲ್ಲ. ನಾಲ್ಕು ಚಕ್ರ, ಒಂದು ಬ್ಯಾಟರಿ, ಒಂದು ಪುಟ್ಟ ಕ್ಯಾಮೆರಾ ಹೊತ್ತು ಕಬ್ಬಿನ ಸಾಲುಗಳ ನಡುವೆ ತಾನೇ ನಡೆದು ಕಳೆ ಕೀಳುವ ಗಾಡಿ. ನನ್ನ ಜೊತೆ ಮೂವರು ಹುಡುಗರು ತಂಡದಲ್ಲಿದ್ದರು. ಗಾಡಿಯ ಮೈ ಕಟ್ಟುವುದು ಅವರದು, ಅದಕ್ಕೆ ಬುದ್ಧಿ ಕೊಡುವ ಸಾಫ್ಟ್‌ವೇರು ನನ್ನದು.

ಸಾಫ್ಟ್‌ವೇರನ್ನು ನಾನು ಒಂದೇ ಉಂಡೆಯಾಗಿ ಬರೆಯುತ್ತಿರಲಿಲ್ಲ, ಬಿಡಿಭಾಗಗಳಾಗಿ ಬರೆಯುತ್ತಿದ್ದೆ. ಗಾಲಿ ಎಷ್ಟು ಸುತ್ತಿತು ಎಂದು ಎಣಿಸುವ ಭಾಗದ ಹೆಸರು ‘ಚಕ್ರ’. ಕ್ಯಾಮೆರಾದಲ್ಲಿ ನೋಡಿ ದಾರಿ ಹಿಡಿಯುವುದು ‘ಸಾಲು’. ಸಾಲು ಮುಗಿಯುವ ಜಾಗದಲ್ಲಿ ಗಾಡಿಯನ್ನು ನಿಲ್ಲಿಸುವುದು ‘ನಿಲ್ಲು’. ಹೀಗೆ ಬೇರೆ ಬೇರೆ ಇದ್ದರೆ ನಾಳೆ ಇನ್ನೊಂದು ರೊಬಾಟು ಮಾಡುವವರು ತಮಗೆ ಬೇಕಾದ ಒಂದನ್ನೇ ಎತ್ತಿಕೊಂಡು ತಮ್ಮದಕ್ಕೆ ಕೂರಿಸಿಕೊಳ್ಳಬಹುದು. ಪ್ರೋಗ್ರಾಮನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು ನಿಜ, ಆದರೆ ಒಳಗಿನ ಹೆಸರುಗಳು ಕನ್ನಡದ್ದಾದರೆ ಯಂತ್ರಕ್ಕೇನೂ ತಕರಾರಿಲ್ಲ. ತಕರಾರೆಲ್ಲ ಮೇಷ್ಟರುಗಳದ್ದು.

ಅದರ ಹಿಂದಿನ ವರ್ಷ ನನ್ನ ಆರು ತಿಂಗಳ ಕೆಲಸ ಹಾಳಾಗಿತ್ತು. ರಜೆಯಲ್ಲಿ ಯಾರಿಗೂ ಹೇಳದೆ ಕೇಳದೆ ಲ್ಯಾಬಿನ ಕಂಪ್ಯೂಟರುಗಳಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಹೊಸದು ಮಾಡಿದ್ದರು. ಅವತ್ತು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ನಾಗಮಂಗಲದವರೆಗೂ ಅತ್ತೆ. ಅತ್ತು ಮುಗಿದ ಮೇಲೆ, ಇನ್ನು ನನ್ನ ಕೆಲಸವನ್ನು ಯಾರ ಕೃಪೆಯಲ್ಲೂ ಇಡುವುದಿಲ್ಲ ಎಂದು ತೀರ್ಮಾನಿಸಿದೆ. ಪ್ರೋಗ್ರಾಮು ಬರೆಯುವವರು ತಮ್ಮ ಕೆಲಸ ಇಟ್ಟುಕೊಳ್ಳುವ ಜಾಗಗಳು ಅಂತರ್ಜಾಲದಲ್ಲಿವೆ. ರೆಪೊಸಿಟರಿ ಅನ್ನುತ್ತಾರೆ, ನಮ್ಮ ಬಾಯಲ್ಲಿ ಅದು ರೆಪೊ. ಅಲ್ಲಿ ಇಟ್ಟದ್ದು ಸುಮ್ಮನೆ ಕೂತಿರುವುದಿಲ್ಲ. ಒಂದು ಅಕ್ಷರ ಬದಲಿಸಿದರೂ ಯಾರು ಬದಲಿಸಿದರು, ಯಾವತ್ತು, ಎಷ್ಟು ಹೊತ್ತಿಗೆ, ಯಾತಕ್ಕೆ ಎಂಬುದೆಲ್ಲ ದಾಖಲಾಗುತ್ತದೆ. ಯಾತಕ್ಕೆ ಎಂಬುದನ್ನು ನಾವೇ ಒಂದು ಸಾಲಿನಲ್ಲಿ ಬರೆಯಬೇಕು. ನಾನು ಅದನ್ನು ಮನೆಯ ಮಾತಿನಲ್ಲೇ ಬರೆಯುತ್ತಿದ್ದೆ. ಮೂರು ಬಿಡಿಭಾಗಗಳನ್ನೂ ಎಲ್ಲರಿಗೂ ಕಾಣುವಂತೆ ಇಟ್ಟು, ಮೇಲೆ ಒಂದು ಸೂಚನೆ ಹಾಕಿದೆ: ಯಾರು ಬೇಕಾದರೂ ತೆಗೆದುಕೊಳ್ಳಿ, ಬದಲಾಯಿಸಿಕೊಳ್ಳಿ, ಮಾಡಿದವರ ಹೆಸರು ಅಳಿಸಬೇಡಿ.

ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದಾಗ ಅವರು ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು.

“ಅಂದ್ರೆ ಅಳತೆಪಟ್ಟಿಯ ತಗಂಡೋಗಿ ಬೀದೀಲಿ ನೇತಾಕಿದೀನಿ ಅನ್ನು.”

“ನೋಡ್ಕಳ್ಳೋರು ನೋಡ್ಕಳ್ಲಿ ಬುಡಪ್ಪ. ನನ್ನ ಎಸ್ರು ಇರ್ತದಲ್ಲ.”

“ಎಸ್ರು ಮಡೀಕಂಡು ಏನ್ ಮಾಡೀಯೆ? ಕೊಟ್ಟೋನು ಕೋಡಂಗಿ, ಈಸ್ಕಂಡೋನು ಈರಭದ್ರ.”

“ನಂದು ಅಂದ್ಮೇಲೆ ಕೊಡೋಳೂ ನಾನೇ, ಕೊಡ್ದೆ ಇರೋಳೂ ನಾನೇ.”

“ಬಾಯಿ ಮಾತ್ರ ನಮ್ಮವ್ವಂದೇ ಬಂದದೆ ನಿಂಗೆ,” ಎಂದು ಕನ್ನಡಕ ಇಳಿಸಿಕೊಂಡರು. ಅಜ್ಜಿಯ ಬಾಯಿ ಬಂದಿದೆ ಎಂದರೆ ನಮ್ಮ ಮನೆಯಲ್ಲಿ ಅದು ಬೈಗುಳವೂ ಹೌದು, ಮೆಚ್ಚುಗೆಯೂ ಹೌದು. ಅಷ್ಟು ಬೈದವರೇ ನನ್ನ ಗಾಡಿಗೆ ಹಲ್ಲಿನ ಬಿಲ್ಲೆ ಮಾಡಿಕೊಟ್ಟರು. ಗಾಲಿಯ ಜೊತೆ ಸುತ್ತುವ ಒಂದು ತಗಡಿನ ಬಿಲ್ಲೆ, ಅದರ ಅಂಚಿಗೆ ಗರಗಸದಂಥ ಹಲ್ಲು. ಒಂದೊಂದು ಹಲ್ಲು ದಾಟಿದಾಗಲೂ ಪಕ್ಕದ ಸೆನ್ಸರು ಒಂದು ಎಂದು ಎಣಿಸಿಕೊಳ್ಳುತ್ತದೆ. ಒಂದು ಸುತ್ತಿಗೆ ಎಷ್ಟು ಹಲ್ಲು ಎಂದು ಗೊತ್ತಿದ್ದರೆ ಗಾಡಿ ಎಷ್ಟು ದೂರ ಬಂತು ಎಂದು ಗೊತ್ತಾಗುತ್ತದೆ. ಅಪ್ಪ ಅರ ಹಿಡಿದು ಉಜ್ಜುತ್ತ ಕೂತಿದ್ದರು, ನಾನು ಪಕ್ಕದಲ್ಲೇ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ‘ನಿಲ್ಲು’ ಬರೆಯುತ್ತಿದ್ದೆ. “ಅಲ್ಲು ಮೂವತ್ತಾರದೆ, ಎಣಿಸ್ಕೊ,” ಎಂದರು. ಎಣಿಸಿದೆ. ಮೂವತ್ತಾರಿತ್ತು.

ಆ ವರ್ಷ ಕೆ.ಆರ್.ಎಸ್. ಬೇಗ ತುಂಬಿತು. ನಾಲೆಗೆ ನೀರು ಬಿಟ್ಟ ವಾರವೇ ನಾವು ಗಾಡಿಯನ್ನು ಮೊದಲ ಸಲ ಗದ್ದೆಗೆ ಇಳಿಸಿದ್ದು. ಗದ್ದೆ ಬೋರೇಗೌಡರದು, ಅತ್ತೆಯ ಮನೆಯ ಪಕ್ಕದವರು. ಎರಡು ಎಕರೆ ಕಬ್ಬು, ನಾಲ್ಕು ಹಸು, ಯಾರ ಮುಲಾಜೂ ಇಲ್ಲದ ಮಾತು. ಕಳೆಗೆ ಆಳು ಸಿಗದೆ ರೋಸಿಹೋಗಿದ್ದರು. ಕಬ್ಬು ಮೊಣಕಾಲೆತ್ತರ ಇತ್ತು, ಸಾಲಿನ ತುದಿಗೆ ನಾಲೆಯಿಂದ ಒಡೆದ ಕಾಲುವೆ. ಕಾಲುವೆಗೆ ಒಂದು ಮಾರು ಇರುವಾಗ ಗಾಡಿ ನಿಲ್ಲಬೇಕು ಎಂದು ನಾನು ಬರೆದಿದ್ದೆ. ಗಾಡಿ ಹೊರಟಿತು. ಸಾಲು ತಪ್ಪದೆ ನೆಟ್ಟಗೆ ಹೋಯಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ನೋಡಿದರೆ ಅದು ನಿಲ್ಲುವ ಯೋಚನೆಯಲ್ಲೇ ಇರಲಿಲ್ಲ.

“ನಿಲ್ಸಮ್ಮಿ, ಅದು ಓಯ್ತಾನೆ ಅದೆ,” ಎಂದು ಬೋರೇಗೌಡರು ಗದ್ದೆಯಂಚಿನ ತೆವರಿಯ ಮೇಲಿಂದ ಕೂಗಿದರು.

ಹುಡುಗರು ಓಡಿದರು. ಅವರು ಮುಟ್ಟುವಷ್ಟರಲ್ಲಿ ಗಾಡಿ ಕಾಲುವೆಗೆ ಬಿದ್ದು, ಎರಡು ಗಾಲಿ ಮೇಲೆತ್ತಿ ಸುತ್ತುತ್ತಿತ್ತು. ಗೌಡರೇ ಪಂಚೆ ಎತ್ತಿಕಟ್ಟಿ ಇಳಿದು ಅದನ್ನು ಎತ್ತಿ ದಡಕ್ಕಿಟ್ಟರು.

“ಏನವ್ವ, ನಿನ್ ಗಾಡಿ ಕಳೆ ಕೀಳಕ್ ಬಂದಿತ್ತಾ, ಈಜಕ್ ಬಂದಿತ್ತಾ?”

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಗಾಡಿಯನ್ನು ಬಿಸಿಲಿಗಿಟ್ಟು, ಹೊಂಗೆಮರದ ಕೆಳಗೆ ಲ್ಯಾಪ್‌ಟಾಪು ತೆರೆದು ಕೂತೆ. ಎರಡು ಗಂಟೆ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಕಾಲೇಜಿನಲ್ಲಿ ಕೂತು ಬರೆದ ‘ಚಕ್ರ’ದಲ್ಲಿ ಬಿಲ್ಲೆಯ ಹಲ್ಲಿನ ಎಣಿಕೆಗೆ ಶುದ್ಧವಾಗಿ ಹಲ್ಲು ಎಂದು ಹೆಸರಿಟ್ಟಿದ್ದೆ. ಅಪ್ಪನ ಅಂಗಡಿಯಲ್ಲಿ ಕೂತು ಬರೆದ ‘ನಿಲ್ಲು’ವಿನಲ್ಲಿ, ಕಿವಿಗೆ ಬಿದ್ದ ಹಾಗೆ, ಅಲ್ಲು ಎಂದು ಬರೆದಿದ್ದೆ. ನಮ್ಮ ಕಡೆ ಹ ಅನ್ನುವ ಅಕ್ಷರ ಪುಸ್ತಕದಲ್ಲಿ ಮಾತ್ರ ಇರುವುದು. ಹಾಲು ಆಲು, ಹೆಸರು ಎಸ್ರು, ಹಲ್ಲು ಅಲ್ಲು. ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತು? ‘ನಿಲ್ಲು’ ಹೋಗಿ ಅಲ್ಲು ಎಷ್ಟು ಎಂದು ಕೇಳಿದೆ. ಆ ಹೆಸರಿನದೇನೂ ಸಿಗದೆ ಸೊನ್ನೆ ಎಂದುಕೊಂಡಿದೆ. ಹಲ್ಲೇ ಇಲ್ಲದ ಬಿಲ್ಲೆ ಎಷ್ಟು ಸುತ್ತಿದರೇನು, ಗಾಡಿ ಹೊರಟ ಜಾಗದಲ್ಲೇ ಇದೆ ಎಂದು ನಂಬಿಕೊಂಡು ನೀರಿಗೆ ಬಿದ್ದಿದೆ.

ಗೌಡರಿಗೆ ಇದನ್ನು ಹೇಳಿದೆ. ಅವರಿಗೆ ತಪ್ಪು ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ.

“ಅಲ್ಲಿಗೆ ಅಲ್ಲು ಅನ್ದೆ ಇನ್ನೇನಂದಾರು?” ಎಂದರು. ಆಮೇಲೆ ಸ್ವಲ್ಪ ಯೋಚಿಸಿ, “ಕಡ್ಲೆ ಇದ್ರೆ ಅಲ್ಲಿಲ್ಲ, ಅಲ್ಲಿದ್ರೆ ಕಡ್ಲೆ ಇಲ್ಲ ಅಂತಾರಲ್ಲ, ನಿನ್ ಗಾಡೀಗೆ ಅಲ್ಲಿದ್ದೂ ಇಲ್ದಂಗಾಯ್ತು ಬುಡು,” ಎಂದು ಹಾಲು ಕರೆಯುವ ಹೊತ್ತಾಯಿತೆಂದು ಹೊರಟರು.

ಕ್ರಮವಾಗಿ ಮಾಡುವುದಾದರೆ ಅಲ್ಲು ಇದ್ದ ಕಡೆಯೆಲ್ಲ ಹಲ್ಲು ಎಂದು ತಿದ್ದಬೇಕಿತ್ತು. ನಾನು ತಿದ್ದಲಿಲ್ಲ. ಅಪ್ಪ ಆಡಿದ ಮಾತನ್ನು ತಪ್ಪು ಎಂದು ಹೊಡೆದುಹಾಕಲು ಕೈ ಬರಲಿಲ್ಲ. ಅಲ್ಲು ಅಂದರೆ ಹಲ್ಲು, ಎರಡೂ ಒಂದೇ ಎಂದು ಯಂತ್ರಕ್ಕೆ ತಿಳಿಸುವ ಒಂದೇ ಒಂದು ಸಾಲು ಸೇರಿಸಿದೆ. ತೆವರಿಯ ಮೇಲೆ ಕೂತೇ ಫೋನಿನ ನೆಟ್ಟಿನಿಂದ ರೆಪೊಗೆ ಏರಿಸಿದೆ. ಯಾತಕ್ಕೆ ಎಂಬಲ್ಲಿ ಹೀಗೆ ಬರೆದೆ: ಅಲ್ಲು ಅಂದ್ರೂ ಹಲ್ಲೇ. ಗಾಡಿ ಕಾಲ್ವೇಗ್ ಬಿತ್ತು, ಗೌಡ್ರು ಎತ್ತುದ್ರು. ಮಾರನೆಯ ದಿನ ಗಾಡಿ ಕಾಲುವೆಗೆ ಒಂದು ಮಾರು ಇರುವಾಗ ಗಕ್ಕನೆ ನಿಂತಿತು.

ಆಮೇಲಿನ ನಾಲ್ಕು ತಿಂಗಳು ನನ್ನ ಜೀವನದಲ್ಲೇ ಚೆನ್ನಾದವು. ಬೆಳಿಗ್ಗೆ ಗದ್ದೆ, ಮಧ್ಯಾಹ್ನ ಕಾಲೇಜು. ಕೆಸರಿನಲ್ಲಿ ಗಾಲಿ ಜಾರಿದರೆ ಒಂದು ತಿದ್ದುಪಡಿ, ಎಲೆಯ ನೆರಳನ್ನು ಕಳೆ ಎಂದುಕೊಂಡರೆ ಇನ್ನೊಂದು. ಬೀದರಿನ ಯಾರೋ ಅಪರಿಚಿತರು ನನ್ನ ‘ಚಕ್ರ’ವನ್ನು ತೆಗೆದುಕೊಂಡು ತಮ್ಮ ತಾಯಿಯ ಗಾಲಿಕುರ್ಚಿಗೆ ಅಳವಡಿಸಿದೆ ಎಂದು ಬರೆದರು. ಅದನ್ನು ಓದಿದ ದಿನ ನಾನು ಅತ್ತೆಯ ಮನೆಯಲ್ಲಿ ಎರಡು ಮುದ್ದೆ ಜಾಸ್ತಿ ಉಂಡೆ. ಅತ್ತೆ ಏನೋ ಅನುಮಾನದಿಂದ ನೋಡಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಕಂಪನಿಯವರು ಕಾಲೇಜಿಗೆ ಬಂದು ಗಾಡಿಯನ್ನು ನೋಡಿ, ಕೊಳ್ಳುವ ಮಾತಾಡಿ ಹೋದರು. ಮೂರನೆಯ ದಿನ ನಮ್ಮ ವಿಭಾಗದ ಮುಖ್ಯಸ್ಥರು, ನಾವು ಎಚ್ಒಡಿ ಸರ್ ಅನ್ನುತ್ತಿದ್ದೆವು, ನಮ್ಮ ನಾಲ್ವರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ಸದರಿ ಸಾಫ್ಟ್‌ವೇರನ್ನು ವಿಭಾಗದ ಅಧ್ಯಾಪಕರು ಸಿದ್ಧಪಡಿಸಿದ್ದು, ವಿದ್ಯಾರ್ಥಿಗಳು ಪರೀಕ್ಷಾರ್ಥ ಓಡಾಟದಲ್ಲಿ ನೆರವಾಗಿರುತ್ತಾರೆ ಎಂದು ಅದರ ಒಕ್ಕಣೆ. ಕೆಳಗೆ ನಮ್ಮ ಸಹಿಗೆ ಜಾಗ.

“ಬೀದಿಯಲ್ಲಿ ಬಿದ್ದಿರೋ ಸಾಫ್ಟ್‌ವೇರನ್ನ ಯಾವ ಕಂಪನಿಯೂ ಮುಟ್ಟಲ್ಲಮ್ಮ,” ಎಂದು ನನಗೆ ಹೇಳಿದರು. “ಸೈನ್ ಮಾಡಿ, ಆ ನಿನ್ನ ರೆಪೊ ಅಳಿಸಿಬಿಡು. ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು.”

ಮೂವರು ಹುಡುಗರೂ ಒಬ್ಬರಾದ ಮೇಲೆ ಒಬ್ಬರು ಸಹಿ ಹಾಕಿದರು. ನನ್ನ ಮುಖ ನೋಡಲಿಲ್ಲ. ಎಚ್ಒಡಿ ಸರ್ ಮಾತಿಗಿಂತ ಅದು ನನಗೆ ಹೆಚ್ಚು ನೋವಾಯಿತು.

“ಗಾಡಿ ಕಾಲೇಜಿನದು ಸರ್, ಇಟ್ಟುಕೊಳ್ಳಿ. ಸಾಫ್ಟ್‌ವೇರನ್ನೂ ಬಳಸಿಕೊಳ್ಳಿ, ಯಾರಿಗೂ ಬೇಡ ಅಂದಿಲ್ಲ,” ಎಂದೆ. “ನಾನು ಬರೆದಿಲ್ಲ ಅಂತ ಮಾತ್ರ ಸೈನ್ ಹಾಕಲ್ಲ. ರೆಪೊನೂ ತೆಗೆಯಲ್ಲ.”

“ಪ್ರಾಜೆಕ್ಟಿನ ಮಾರ್ಕ್ಸು ಯಾರ ಕೈಯಲ್ಲಿದೆ ಗೊತ್ತಿದೆ ತಾನೆ?”

ಗೊತ್ತಿತ್ತು. ಪ್ರಾಜೆಕ್ಟಿನಲ್ಲಿ ಫೇಲಾದರೆ ಡಿಗ್ರಿಯೇ ನಿಂತುಹೋಗುತ್ತದೆ ಎಂಬುದೂ ಗೊತ್ತಿತ್ತು. ಆ ಶನಿವಾರ ನಾಗಮಂಗಲಕ್ಕೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಟ್ರೇಲರಿನ ಕೊಂಡಿಯೊಂದನ್ನು ಬಡಿಯುತ್ತಿದ್ದವರು ಕೆಲಸ ನಿಲ್ಲಿಸಲಿಲ್ಲ.

“ನಾ ಅವತ್ತೇ ಏಳಿರ್ನಿಲ್ವಾ? ಬೀದೀಲಿ ಮಡಗಿದ್ದು ಬೀದಿ ಪಾಲು. ನೀ ಮಾಡಿದ್ದು ದಡ್ಡತನವೇ ಕಣಮ್ಮಿ.” ಇನ್ನೆರಡು ಏಟು ಬಡಿದರು. “ಆದ್ರೂ ಸೈನ್ ಆಕ್ಬ್ಯಾಡ.”

“ಯಾಕಪ್ಪ?”

“ಕೊಟ್ಟಿದ್ದು ದಡ್ಡತನ. ಮಾಡೇ ಇಲ್ಲ ಅನ್ನದು ಸುಳ್ಳು. ದಡ್ಡತನ ನಮ್ ಮನೇಲಿ ಬೇಕಾದಂಗದೆ, ಸುಳ್ಳು ಬ್ಯಾಡ.”

ಅಲ್ಲಿಂದ ಬೇಸಿಗೆಯವರೆಗೆ ನಾನು ನಿದ್ದೆಗೆಟ್ಟು ಓದಿದೆ, ತೂಕ ಇಳಿದೆ, ಅತ್ತೆಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ಕೊನೆಯ ಮೌಖಿಕ ಪರೀಕ್ಷೆಗೆ ಎರಡು ವಾರ ಇರುವಾಗ ನೋಟಿಸು ಬಂತು. ವಿಭಾಗವು ಸ್ವಂತವಾಗಿ ಬರೆದ ಸಾಫ್ಟ್‌ವೇರನ್ನು ನಾನು ಅನುಮತಿಯಿಲ್ಲದೆ ನಕಲು ಮಾಡಿ ಅಂತರ್ಜಾಲದಲ್ಲಿ ನನ್ನ ಹೆಸರಿನಲ್ಲಿ ಹಾಕಿಕೊಂಡಿದ್ದೇನೆ, ಆದ್ದರಿಂದ ನನ್ನ ಪ್ರಾಜೆಕ್ಟನ್ನು ಏಕೆ ತಿರಸ್ಕರಿಸಬಾರದು ಎಂಬುದಕ್ಕೆ ಹೊರಗಿನ ಪರೀಕ್ಷಕರ ಮುಂದೆ ಉತ್ತರ ಕೊಡಬೇಕು ಎಂದು ಬರೆದಿತ್ತು. ನನ್ನ ಮಗುವನ್ನೇ ನಾನು ಕದ್ದೆ ಎಂದು ನನಗೇ ಹೇಳುತ್ತಿದ್ದರು. ಹೆದರಿಕೆ ಆಯಿತು, ಇಲ್ಲ ಎಂದು ಜಂಬ ಕೊಚ್ಚಲಾರೆ. ಆದರೆ ಹೆದರಿಕೆಗಿಂತ ಒಂದು ತೂಕ ಹೆಚ್ಚು ಕೋಪ ಇತ್ತು, ಅದು ಕೈ ಹಿಡಿಯಿತು.

ವಿಭಾಗದ್ದು ಎನ್ನುವ ಆ ಸಾಫ್ಟ್‌ವೇರು ಬರೆದವರು ಯಾರು ಎಂದು ಅಷ್ಟರಲ್ಲಿ ತಿಳಿದಿತ್ತು. ಯೋಗೇಶ್ ಸರ್. ಮಂಗಳೂರು ಕಡೆಯ ಯುವಕ, ತಾತ್ಕಾಲಿಕ ಉಪನ್ಯಾಸಕರು. ಪ್ರತಿ ವರ್ಷ ಎಚ್ಒಡಿ ಸರ್ ಸಹಿ ಹಾಕಿದರೆ ಮಾತ್ರ ಅವರಿಗೆ ಮುಂದಿನ ವರ್ಷದ ಕೆಲಸ. ನನಗೆ ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿಸಿದವರೂ ಅವರೇ. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕಾರಿಡಾರಿನಲ್ಲಿ ಎದುರಾದರೂ ನಮಸ್ಕಾರ ಹೇಳುವುದು ಬಿಟ್ಟಿದ್ದೆ.

ಪರೀಕ್ಷೆಯ ದಿನ ಸೆಮಿನಾರು ಕೋಣೆಯಲ್ಲಿ ಎರಡು ಪರದೆ ಹಾಕಿ, ಒಂದರಲ್ಲಿ ನನ್ನ ರೆಪೊ, ಇನ್ನೊಂದರಲ್ಲಿ ವಿಭಾಗದ ಸಾಫ್ಟ್‌ವೇರು ತೆರೆದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಬೇರೊಂದು ಕಾಲೇಜಿನ ಪ್ರೊಫೆಸರು, ಐವತ್ತು ದಾಟಿದ ಹೆಂಗಸು. ಸಾಲು ಸಾಲಾಗಿ ಓದುತ್ತ ಹೋದರು, ಹೆಚ್ಚು ಮಾತಿಲ್ಲ. ವಿಭಾಗದ್ದರಲ್ಲಿ ಭಾಗಗಳ ಹೆಸರು ಬದಲಾಗಿತ್ತು, ನಾನು ಬರೆದ ಟಿಪ್ಪಣಿಗಳು ಹೋಗಿದ್ದವು, ನನ್ನ ಹೆಸರಂತೂ ಎಲ್ಲೂ ಇರಲಿಲ್ಲ. ನೋಡಿದವರು ಬೇರೆಯೇ ಅನ್ನಬೇಕು. ಅವರು ಒಂದು ಕಡೆ ಬೆರಳು ನಿಲ್ಲಿಸಿದರು.

“ಇದೇನು ಇದು, ಎ ಎಲ್ ಎಲ್ ಯು?”

ಯೋಗೇಶ್ ಸರ್ ನೆಲ ನೋಡಿದರು. ಎಚ್ಒಡಿ ಸರ್ ತಡಮಾಡಲಿಲ್ಲ.

“ಆಟೋಮ್ಯಾಟಿಕ್ ಲೀನಿಯರ್ ಲಿಮಿಟ್ ಯೂನಿಟ್, ಮೇಡಂ.”

ನನಗೆ ನಗು ತಡೆಯಲಾಗಲಿಲ್ಲ. ವರ್ಷವೇ ಹೋಗುತ್ತದೆ ಎಂದು ಹೆದರಿ ಕೂತವಳು ಆ ಕೋಣೆಯಲ್ಲಿ ಜೋರಾಗಿ ನಕ್ಕೆ.

“ಇದರಲ್ಲಿ ನಗೋದೇನಿದೆ?” ಎಂದರು ಎಚ್ಒಡಿ ಸರ್.

“ಹಾಗಾದರೆ ಅದರ ಪಕ್ಕದಲ್ಲೇ ಎಚ್ ಎ ಎಲ್ ಎಲ್ ಯು ಅಂತಿದೆಯಲ್ಲ ಸರ್, ಅದೇನು?”

ಅವರು ಉತ್ತರ ಹುಡುಕುತ್ತಿರುವಾಗ ನಾನು ಎದ್ದು ನಿಂತು ಹೇಳಿದೆ. ಅದು ಹಲ್ಲು, ಇದು ಅಲ್ಲು, ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಇದು, ಮಾಡಿದವಳು ನಾನು, ತಪ್ಪು ಮುಚ್ಚಲು ಹಾಕಿದ ಸಾಲು ಇದು ಎಂದು ತೋರಿಸಿದೆ. ಆಮೇಲೆ ನನ್ನ ರೆಪೊದಲ್ಲಿ ಆ ಸಾಲು ಸೇರಿದ ದಿನವನ್ನು ತೆರೆದೆ. ದಿನ, ಹೊತ್ತು, ನನ್ನ ಹೆಸರು, ಎಲ್ಲ ಇತ್ತು. ವಿಭಾಗದ ಸಾಫ್ಟ್‌ವೇರು ಹುಟ್ಟುವುದಕ್ಕೆ ಆರು ತಿಂಗಳು ಮೊದಲಿನ ದಿನ. ಮೇಡಂ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: “ಅಲ್ಲು ಅಂದ್ರೂ ಹಲ್ಲೇ. ಗಾಡಿ ಕಾಲ್ವೇಗ್ ಬಿತ್ತು, ಗೌಡ್ರು ಎತ್ತುದ್ರು.” ಓದಿ ಮುಗಿಸುವಷ್ಟರಲ್ಲಿ ಅವರಿಗೂ ನಗು ಬಂದು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ನಮ್ ಕೆ.ಆರ್. ಪೇಟೆ ಕಡೇನೂ ಅಂಗೇ ಅನ್ನದು,” ಎಂದರು. ಮತ್ತೆ ಗಂಭೀರವಾಗಿ ಯೋಗೇಶ್ ಸರ್ ಕಡೆ ತಿರುಗಿದರು. “ಈ ಸಾಲನ್ನು ನೀವು ಯಾಕೆ ಇಟ್ಟುಕೊಂಡಿದ್ದೀರಿ?”

“ತೆಗೆದರೆ ಗಾಡಿ ನಿಲ್ಲುವುದಿಲ್ಲ ಮೇಡಂ,” ಎಂದರು ಅವರು ಸಣ್ಣ ದನಿಯಲ್ಲಿ. “ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಹಾಗಾಗಿ ಮುಟ್ಟಲಿಲ್ಲ.”

ಎಚ್ಒಡಿ ಸರ್ ತಾವಾಗಿಯೇ, “ಇದನ್ನ ಕಳ್ಳತನ ಅನ್ನೋಕಾಗಲ್ಲ ಮೇಡಂ,” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆ ಕೇಳಿದ್ದೆ. ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡವರನ್ನು ನೋಡಿದ್ದು ಅವತ್ತೇ.

ಅಷ್ಟರ ನಡುವೆ ನಾನು ಇನ್ನೊಂದನ್ನೂ ಗಮನಿಸಿದ್ದೆ. ವಿಭಾಗದ ಪರದೆಯಲ್ಲಿ ಎಂಟು ಸಾಲು ನನ್ನದಾಗಿರಲಿಲ್ಲ. ನನ್ನ ಗಾಡಿ ಗಕ್ಕನೆ ನಿಲ್ಲುತ್ತಿತ್ತು, ಆ ಎಳೆತಕ್ಕೆ ಕಳೆ ಕೀಳುವ ಅಲಗು ಮಣ್ಣಿಗೆ ಹೂತುಕೊಳ್ಳುತ್ತಿತ್ತು. ಅದಕ್ಕೆ ಮದ್ದು ಹುಡುಕಿ ಹುಡುಕಿ ನಾನು ಸೋತಿದ್ದೆ. ಈ ಎಂಟು ಸಾಲಿನಲ್ಲಿ ಗಾಡಿ ಕೊನೆಯ ಒಂದು ಮೊಳ ಇರುವಾಗಿನಿಂದಲೇ ವೇಗ ಇಳಿಸುತ್ತ ಬಂದು ಮೆಲ್ಲಗೆ ನಿಲ್ಲುತ್ತಿತ್ತು. ಎಷ್ಟು ಸರಳ, ಎಷ್ಟು ಚೊಕ್ಕ. ನನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು. ಎಂಟೂ ಸಾಲು ನೋಡನೋಡುತ್ತ ಬಾಯಿಪಾಠವಾದವು.

ನನ್ನ ಮೇಲಿನ ಆರೋಪವನ್ನು ಕೈಬಿಡಬೇಕೆಂದು ಮೇಡಂ ಬರೆದು ಹೋದರು. ಆದರೆ ಕಾಲೇಜಿನ ಒಳಗಿನ ಅಂಕಗಳು ಇನ್ನೂ ಎಚ್ಒಡಿ ಸರ್ ಕೈಯಲ್ಲೇ ಇದ್ದವು. ಕೊನೆಗೆ ಅವರು ನನಗೆ ಕೊಟ್ಟದ್ದು ಪಾಸಾಗಲು ಎಷ್ಟು ಬೇಕೋ ಅಷ್ಟೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಮೊದಲು ಕೇಳುವುದೇ ಅದನ್ನು.

ಎರಡು ದಿನ ಬಿಟ್ಟು ಮಧ್ಯಾಹ್ನ ಎಚ್ಒಡಿ ಸರ್ ನನ್ನನ್ನು ಕೋಣೆಗೆ ಕರೆಸಿದರು. ಯೋಗೇಶ್ ಸರ್ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು. ಎಚ್ಒಡಿ ಸರ್ ಈ ಸಲ ಮೆತ್ತಗೆ ಮಾತಾಡಿದರು. ಆದದ್ದು ಆಯಿತು, ಇಬ್ಬರೂ ಮರೆಯೋಣ, ಅಂಕಪಟ್ಟಿ ಸಂಜೆ ಹೋಗುತ್ತದೆ, ಡಿಸ್ಟಿಂಕ್ಷನ್ ಬರುವಷ್ಟು ಹಾಕುತ್ತೇನೆ ಎಂದರು. ತಮ್ಮ ಕುರ್ಚಿಯಿಂದ ಎದ್ದು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

“ಇಲ್ಲೇ ಕೂತ್ಕೊ. ಆ ರೆಪೊ ತೆಗೆದು, ಡಿಲೀಟ್ ಮಾಡಿಬಿಡು. ನನ್ನ ಕಣ್ಣ ಮುಂದೆ.”

ಕೂತೆ. ಮನಸ್ಸು ಅಲುಗಲಿಲ್ಲ ಅಂದರೆ ಸುಳ್ಳು. ಡಿಸ್ಟಿಂಕ್ಷನ್ ಎಂದರೆ ಬಿಂಡಿಗನವಿಲೆಯಲ್ಲಿ ಅಮ್ಮ ಎಷ್ಟು ಮನೆಗೆ ಹೋಗಿ ಹೇಳಿಕೊಂಡು ಬರುತ್ತಿದ್ದಳೋ. ಪಾಸ್‌ವರ್ಡು ಒತ್ತಿದೆ. ‘ಚಕ್ರ’, ‘ಸಾಲು’, ‘ನಿಲ್ಲು’, ಮೂರೂ ತೆರೆದುಕೊಂಡವು. ಒಂದೊಂದರ ಪಕ್ಕದಲ್ಲೂ ಬದಲಾವಣೆಗಳ ಪಟ್ಟಿ, ಒಂದು ವರ್ಷದ ಬೆಳಿಗ್ಗೆಗಳು. ಇದನ್ನು ಅಳಿಸಿ ಡಿಸ್ಟಿಂಕ್ಷನ್ ತೆಗೆದುಕೊಂಡರೆ ಅದು ಯಾವ ಕೆಲಸಕ್ಕೆ ಸಿಕ್ಕ ಡಿಸ್ಟಿಂಕ್ಷನ್ ಎಂದು ನನಗೇ ಗೊತ್ತಿರುವುದಿಲ್ಲ ಅನ್ನಿಸಿತು. ನಾನು ‘ನಿಲ್ಲು’ವನ್ನು ತೆರೆದು, ಬಾಯಿಪಾಠವಾಗಿದ್ದ ಆ ಎಂಟು ಸಾಲುಗಳನ್ನು ಒಂದೊಂದಾಗಿ ಸೇರಿಸತೊಡಗಿದೆ.

“ಏನು ಟೈಪ್ ಮಾಡ್ತಿದ್ದೀಯ? ಡಿಲೀಟ್ ಎಲ್ಲಿದೆ?” ಎಂದರು ಎಚ್ಒಡಿ ಸರ್.

“ಡಿಲೀಟ್ ಮಾಡಲ್ಲ ಸರ್. ಮಾರ್ಕ್ಸು ನಿಮಗೆ ಸರಿ ಕಂಡಷ್ಟು ಹಾಕಿ.”

ಯಾತಕ್ಕೆ ಎಂಬಲ್ಲಿ ಬರೆದೆ: ಗಾಡಿ ಇನ್ನು ಮೆಲ್ಲಗೆ ನಿಲ್ಲುತ್ತದೆ. ಇದನ್ನು ಕಂಡುಹಿಡಿದವರು ಯೋಗೇಶ್ ಸರ್. ಆಮೇಲೆ ಬಾಗಿಲ ಕಡೆ ತಿರುಗಿದೆ.

“ಸರ್, ಈ ಎಂಟು ಸಾಲು ನಿಮ್ಮದು. ನಿಮ್ಮ ಹೆಸರಲ್ಲೇ ಸೇರಿಸ್ತಾ ಇದ್ದೀನಿ. ಬೇಡ ಅಂದರೆ ಈಗಲೇ ತೆಗೆದುಬಿಡ್ತೀನಿ.”

ಎಚ್ಒಡಿ ಸರ್ ಅವರನ್ನು ನೋಡಿದರು. ಮುಂದಿನ ವರ್ಷದ ಕೆಲಸದ ಕಾಗದ ಆ ಮೇಜಿನ ಮೇಲೇ ಎಲ್ಲೋ ಇತ್ತು, ಅದು ನಮ್ಮ ಮೂವರಿಗೂ ಗೊತ್ತಿತ್ತು. ಯೋಗೇಶ್ ಸರ್ ಕಟ್ಟಿದ ಕೈ ಬಿಡಿಸಿ, ನಿಧಾನವಾಗಿ ಮೇಜಿನವರೆಗೂ ಬಂದು, ಪರದೆಗೆ ಬಗ್ಗಿ, ತಮ್ಮ ಎಂಟು ಸಾಲುಗಳನ್ನು ಮೇಲಿಂದ ಕೆಳಗೆ ಓದಿದರು.

“ಬರೀ ಯೋಗೇಶ್ ಸರ್ ಅಂದರೆ ಯಾರು ಅಂತ ಗೊತ್ತಾಗುವುದಿಲ್ಲ,” ಎಂದರು. “ಇನಿಷಿಯಲ್ ಕೆ. ಹೆಸರಿನ ಮುಂದೆ ಹಾಕು.”

ಹಾಕಿದೆ.